ಐವತ್ತು ರೂಪಾಯಿಯವರಿಗೆ ಒಂದು ಬಹಿರಂಗ ಪತ್ರ

ರಾಜಮಾನ್ಯ ರಾಜಶ್ರೀ ಐವತ್ತು ರೂಪಾಯಿಯವರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಎಂದು ಶುರು ಮಾಡುವುದು ಹಳೆಯ ರೂಢಿ. ನಮ್ಮ ಕುಶಲ ಹಾಗಿರಲಿ, ತಮ್ಮ ಕುಶಲವನ್ನಂತೂ ಕೇಳಬೇಕಾದ್ದೇ ಇಲ್ಲ. 1960ರ ಡಿಸೆಂಬರ್ 26ರಂದು ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ತಾವು ಹೋಗಿ ಕೂತಿರಿ. ಅಂದಿನಿಂದ ಇಂದಿನವರೆಗೆ ಯಾರಿಂದಲೂ ತಮ್ಮನ್ನು ಏಳಿಸಲಾಗಿಲ್ಲ. ಅರವತ್ತು ದಾಟಿಯೂ ಅದೇ ಕುರ್ಚಿಯಲ್ಲಿ, ಅದೇ ಸಂಬಳದಲ್ಲಿ ಕೂತಿರುವ ಸರ್ಕಾರಿ ನೌಕರರು ಈ ದೇಶದಲ್ಲಿ ತಾವೊಬ್ಬರೇ ಇರಬೇಕು.

ಈ ಪತ್ರ ನಾಲ್ಕು ಜನ ಓದಲಿ ಎಂದು ಬರೆಯುತ್ತಿರುವುದರಿಂದ ತಮ್ಮ ಹುದ್ದೆಯ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಪ್ರಾಣಿಯನ್ನು ಹೊಡೆದರೆ, ಒದ್ದರೆ, ಶಕ್ತಿ ಮೀರಿ ಹೊರೆ ಹೇರಿದರೆ, ಹುಣ್ಣಾದ ಎತ್ತಿಗೆ ನೊಗ ಕಟ್ಟಿದರೆ, ಮೈ ಹೊರಳಿಸಲಾಗದ ಪಂಜರದಲ್ಲಿ ತುರುಕಿದರೆ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಬಿಗಿದರೆ, ಅನ್ನ ನೀರು ನೆರಳು ಕೊಡದಿದ್ದರೆ, ಸಾಕಿದ್ದನ್ನು ಬೀದಿಗೆ ಬಿಟ್ಟರೆ, ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ. ಅಂದರೆ ತಾವು ದಂಡದ ಗರಿಷ್ಠ. ಕನಿಷ್ಠದ ಕುರ್ಚಿಯಲ್ಲಿ ತಮ್ಮ ಕಿರಿಯ ಸಹೋದ್ಯೋಗಿ ಹತ್ತು ರೂಪಾಯಿ ಕೂತಿದ್ದಾರೆ. ಅದೇ ಮನುಷ್ಯ ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಇಪ್ಪತ್ತೈದರಿಂದ ನೂರು, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿಬೀಳಬೇಕಾದರೆ ಮೊದಲನೇ ಸಲ ಸಿಕ್ಕಿಬಿದ್ದಿರಬೇಕು. ಆ ಗಾಬರಿ ಯಾರಿಗೂ ಇಲ್ಲ.

ತಮ್ಮನ್ನು ಮನೆಗೆ ಕಳಿಸಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. 'ನೋ ಮೋರ್ ಫಿಫ್ಟಿ' ಎಂದು ಅವರ ಘೋಷಣೆ. ತಮ್ಮ ಹೆಸರಿನಲ್ಲೇ ಚಳವಳಿ ನಡೆಯುವ ಭಾಗ್ಯ ಸಾವಿರ, ಲಕ್ಷಗಳಿಗೂ ಬಂದಿಲ್ಲ. ಆದರೆ ನಾನು ಬರೆಯುತ್ತಿರುವುದು ತಮ್ಮನ್ನು ಇರಿ ಎಂದು ಬೇಡಿಕೊಳ್ಳುವುದಕ್ಕೆ. ತಾವು ಎದ್ದು ಹೋದರೆ ನಮ್ಮ ಬೀದಿಯ ನೆಮ್ಮದಿಗೇ ಭಂಗ. ಅದು ಹೇಗೆಂದು ಮುಂದೆ ನಿವೇದಿಸುತ್ತೇನೆ.

ತಾವು ಮೊದಲಿನಿಂದ ಹೀಗೆ ಬಡಕಲಾಗಿರಲಿಲ್ಲ ಎಂಬುದು ನನಗೆ ಗೊತ್ತು. 1960ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ನೂರ ಹತ್ತು ರೂಪಾಯಿಯ ಆಸುಪಾಸು. ತಾವೊಬ್ಬರೇ ಚಿನಿವಾರ ಪೇಟೆಗೆ ಹೋಗಿದ್ದರೆ ನಾಲ್ಕು ಗ್ರಾಂ ಚಿನ್ನ ತಂದುಬಿಡುತ್ತಿದ್ದಿರಿ. ಗಾಡಿ ಹೊಡೆಯುವವನ ಮುಂದೆ ತಮ್ಮ ಹೆಸರೆತ್ತಿದರೆ ಅವನ ಕೈಯ ಬಾರುಕೋಲು ಒಂದು ಕ್ಷಣ ತಡೆಯುತ್ತಿತ್ತು. ಕಾನೂನು ತಂದವರೂ ಸಾಮಾನ್ಯರಲ್ಲ. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಗೆ ನಾಮಕರಣಗೊಂಡ ಹೊಸತರಲ್ಲೇ ಖಾಸಗಿ ಮಸೂದೆ ತಂದರು. ಸರ್ಕಾರವೇ ಮಸೂದೆ ತರುತ್ತದೆ ಎಂದು ನೆಹರೂ ಮಾತು ಕೊಟ್ಟ ಮೇಲೆ ತಮ್ಮದನ್ನು ಹಿಂದಕ್ಕೆ ತೆಗೆದುಕೊಂಡರು. ಸಮಿತಿ, ವರದಿ, ಕರಡು ಎಂದು ವರ್ಷಗಳು ಉರುಳಿ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ. ಆ ಹೆಂಗಸು ತಮ್ಮನ್ನು ಕಾವಲಿಗೆ ನಿಲ್ಲಿಸಿ ಹೋದರು. ಕಾವಲುಗಾರನಿಗೆ ಆಮೇಲೆ ಊಟ ಹಾಕಿದವರಿಲ್ಲ.

ಇನ್ನೊಂದು ತಮಾಷೆ. ಕಾಯ್ದೆ ಬಂದಾಗ ರಿಸರ್ವ್ ಬ್ಯಾಂಕಿನ ಐವತ್ತರ ನೋಟೇ ಇರಲಿಲ್ಲ. ಅದು ಬಂದದ್ದು 1975ರಲ್ಲಿ. ದೇಹ ಧರಿಸುವ ಹದಿನೈದು ವರ್ಷ ಮೊದಲೇ ತಮಗೆ ಕೆಲಸ ಗೊತ್ತಾಗಿತ್ತು. ಈಗಿನ ಹುಡುಗರು ಈ ಭಾಗ್ಯ ಕಂಡು ಹೊಟ್ಟೆ ಉರಿದುಕೊಳ್ಳಬೇಕು.

ತಮ್ಮ ಈಗಿನ ದೇಹ, 2017ರ ತಿಳಿನೀಲಿಯದು, ನನ್ನ ಮೇಜಿನ ಮೇಲೆ ಕನ್ನಡಕದ ಡಬ್ಬಿಯ ಕೆಳಗೆ ಮಲಗಿದೆ. ಬೆನ್ನು ತಿರುಗಿಸಿ ನೋಡಿದೆ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ನಮ್ಮದು, 'ಐವತ್ತು ರೂಪಾಯಿಗಳು'. ಪಕ್ಕದಲ್ಲಿ ಹಂಪಿಯ ಕಲ್ಲಿನ ರಥ, ಮುಂದೆ ಎರಡು ಆನೆ. ಹಂಪಿಯಲ್ಲಿ ವಿಠ್ಠಲನ ಗುಡಿಯ ಅಂಗಳಕ್ಕೆ ಹೋದವರಿಗೆ ಗೈಡುಗಳು ಒಂದು ವಿಷಯ ತೋರಿಸುತ್ತಾರೆ. ಆ ರಥಕ್ಕೆ ಮೊದಲು ಕಟ್ಟಿದ್ದು ಕುದುರೆಗಳನ್ನು. ಅವು ಹೋದ ಮೇಲೆ ಆನೆಗಳನ್ನು ತಂದು ನಿಲ್ಲಿಸಿದರು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲ ಇನ್ನೂ ಕಲ್ಲಿಗೆ ಅಂಟಿಕೊಂಡಿವೆ. ಒಂದು ಪ್ರಾಣಿ ಮುರಿದರೆ ಇನ್ನೊಂದನ್ನು ಹೂಡುವುದು ನಮಗೆ ಕಲ್ಲಿನಲ್ಲೂ ಬಿಡದ ಅಭ್ಯಾಸ. ತಮ್ಮ ಬೆನ್ನಿಗೆ ಇದಕ್ಕಿಂತ ತಕ್ಕ ಚಿತ್ರವನ್ನು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಮುಖದ ಕಡೆ ಗಾಂಧೀಜಿ ನಗುತ್ತಿದ್ದಾರೆ. ಹಸು ಎಮ್ಮೆಗಳಿಂದ ಕೊನೆಯ ಹನಿಯವರೆಗೂ ಹಿಂಡಲು ಗರ್ಭದ್ವಾರಕ್ಕೆ ಗಾಳಿ ಊದುವ 'ಫೂಕಾ' ಎಂಬ ಪದ್ಧತಿ ತಿಳಿದು ಹೇಸಿ ಹಾಲನ್ನೇ ಬಿಟ್ಟವರು ಅವರು. ಕಾಯಿಲೆ ಬಿದ್ದು ಸಾಯುವ ಹಾಗಾದಾಗ, ಮೇಕೆ ಹಾಲಿಗೆ ನಿಮ್ಮ ತಕರಾರಿಲ್ಲವಲ್ಲ ಎಂದು ಕಸ್ತೂರಬಾ ದಾರಿ ತೋರಿಸಿದರು. ಕುಡಿದರು. ಕುಡಿದ ಮೇಲೆ, ವ್ರತದ ಅಕ್ಷರ ಉಳಿಸಿಕೊಂಡು ಆತ್ಮ ಕಳೆದುಕೊಂಡೆ ಎಂದು ಆತ್ಮಕಥೆಯಲ್ಲಿ ಕೊರಗಿದರು. ನಾವು ಈ ಕಾಯ್ದೆಯ ಅಕ್ಷರವನ್ನು ಅಷ್ಟೇ ಜತನದಿಂದ ಉಳಿಸಿಕೊಂಡಿದ್ದೇವೆ, ಕೊರಗೊಂದನ್ನು ಬಿಟ್ಟು. ಅಂದಹಾಗೆ ಫೂಕಾಕ್ಕೆ ಅದೇ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಸಾವಿರ ರೂಪಾಯಿವರೆಗೆ ದಂಡ, ಎರಡು ವರ್ಷದವರೆಗೆ ಜೈಲು ಇದೆ. ಕಾನೂನಿಗೆ ಹಲ್ಲು ಹುಟ್ಟುವುದೇ ಇಲ್ಲ ಎನ್ನುವಂತಿಲ್ಲ, ತಮ್ಮ ಪಕ್ಕದ ಮನೆಯಲ್ಲೇ ಹುಟ್ಟಿತ್ತು.

ತಮ್ಮ ಅಣ್ಣನವರನ್ನೂ ನೆನೆಯಬೇಕು. 1860ರ ದಂಡ ಸಂಹಿತೆಯ 429ನೇ ಸೆಕ್ಷನ್ನಿನಲ್ಲಿ ಕೂತಿದ್ದ ಹಿರಿಯ ಐವತ್ತು ರೂಪಾಯಿ. ಆನೆ, ಒಂಟೆ, ಕುದುರೆ, ದನಕರುಗಳಿಗೆ ಅವರು ಬೆಲೆ ಕೇಳುತ್ತಿರಲಿಲ್ಲ. ಮಿಕ್ಕ ಯಾವುದೇ ಪ್ರಾಣಿ ಐವತ್ತು ರೂಪಾಯಿ ಬೆಲೆ ಬಾಳುವಂತಿದ್ದು ಅದನ್ನು ಕೊಂದರೆ, ಅಂಗ ಊನ ಮಾಡಿದರೆ ಐದು ವರ್ಷದ ತನಕ ಜೈಲು. ಗಮನಿಸಿದಿರಾ? ಅಣ್ಣನವರ ಕೈಯಲ್ಲಿ ಐವತ್ತು ಎಂದರೆ ಪ್ರಾಣಿಯ ಬೆಲೆ, ತಮ್ಮ ಕೈಯಲ್ಲಿ ಅದರ ನೋವಿನ ಬೆಲೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅಣ್ಣನವರು ಸದ್ದಿಲ್ಲದೆ ನಿವೃತ್ತರಾದರು. ಹೊಸ 325ನೇ ಸೆಕ್ಷನ್ನಿನಲ್ಲಿ ಯಾವ ಪ್ರಾಣಿಯಾದರೂ ಸರಿ, ಬೆಲೆ ಕೇಳುವುದಿಲ್ಲ. ಆದರೂ ಅದು ಸ್ವತ್ತಿಗೆ ಹಾನಿ ಮಾಡುವ ಅಪರಾಧಗಳ ಕೋಣೆಯಲ್ಲೇ ಇದೆ, ಒಡೆದ ಗಾಜು ಮುರಿದ ಬೇಲಿಗಳ ಜೊತೆ. ತಾವು ಮಾತ್ರ ಬಚಾವಾದಿರಿ.

ಈಗ ತಾವು ನನ್ನ ಮೇಜಿಗೆ ಬಂದ ಕಥೆ.

ನಮ್ಮ ಪಕ್ಕದ ಮನೆಯ ತಾರಸಿಯ ಮೇಲೆ ಒಂದು ಸೈಬೀರಿಯನ್ ಹಸ್ಕಿ ಇದೆ. ಹಿಮದಲ್ಲಿ ಗಾಡಿ ಎಳೆಯಲೆಂದು ದಟ್ಟ ಕೂದಲು ಬೆಳೆಸಿಕೊಂಡ ಜಾತಿ. ಕೆಜಿಎಫ್ ಎರಡನೇ ಭಾಗ ಬಂದ ವರ್ಷ ಮನೆಗೆ ಬಂದದ್ದರಿಂದ ಹೆಸರು ರಾಕಿ. ನಲವತ್ತು ಸಾವಿರ ಕೊಟ್ಟು ತಂದದ್ದು ಎಂದು ಮನೆಯವರೇ ಬೀದಿಗೆಲ್ಲ ಹೇಳಿದ್ದರು. ಮೊದಲ ಆರು ತಿಂಗಳು ಎಲ್ಲರ ಮೊಬೈಲಿನಲ್ಲಿ ಅದರ ಫೋಟೋ. ಆಮೇಲೆ ಕೂದಲು ಉದುರಿ ಸೋಫಾ ಹಾಳಾಗುತ್ತದೆಂದು ಮಹಡಿ ಹತ್ತಿಸಿದರು. ಸಿಂಟೆಕ್ಸ್ ಟ್ಯಾಂಕಿನ ಸ್ಟ್ಯಾಂಡಿಗೆ ಎರಡು ಅಡಿಯ ಸರಪಳಿ, ತಲೆಯ ಮೇಲೆ ತಗಡಿನ ಶೀಟು. ಏಪ್ರಿಲ್ ಮಧ್ಯಾಹ್ನ ಆ ಶೀಟಿನ ಕೆಳಗೆ ಕೈ ಹಿಡಿದರೆ ರೊಟ್ಟಿ ಹಂಚಿನ ಮುಂದೆ ಹಿಡಿದ ಹಾಗಾಗುತ್ತದೆ. ನಾಯಿ ಬೊಗಳುವುದಿಲ್ಲ. ಸರಪಳಿ ಎಟುಕುವಷ್ಟು ದೂರ ಹೋಗಿ, ಟ್ಯಾಂಕಿನ ನೆರಳು ಬೀಳುವ ಒಂದು ಗೇಣಿನಲ್ಲಿ ಮೂತಿಯನ್ನಷ್ಟೇ ಇಟ್ಟು ಮಲಗುತ್ತದೆ. ನೆರಳು ಸರಿದಂತೆ ಮೂತಿ ಸರಿಯುತ್ತದೆ, ಮೈ ಬಿಸಿಲಲ್ಲೇ. ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹೊತ್ತೆಷ್ಟಾಯಿತೆಂದು ನಾಯಿಯ ಮೂತಿ ನೋಡಿ ಹೇಳಬಹುದು.

ನಾನು ಎರಡು ಸಲ ಮೆಲ್ಲಗೆ ಹೇಳಿ ನೋಡಿದೆ. ಮೂರನೇ ಸಲ ಆಟೋ ಹತ್ತಿ ಪೊಲೀಸ್ ಸ್ಟೇಷನ್ನಿಗೆ ಹೋದೆ. ಆಟೋದವನಿಗೆ ಎಪ್ಪತ್ತು ಕೊಟ್ಟೆ. ತಮ್ಮ ಮರ್ಯಾದೆ ನೆನೆದು ಅಲ್ಲೇ ಸಂಕಟವಾಯಿತು.

ಅಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ಒಳ್ಳೆಯ ಮನುಷ್ಯ. ಕೂರಿಸಿ ಕೇಳಿದರು, ಫೋಟೋ ನೋಡಿ 'ಅಯ್ಯೋ ಪಾಪ' ಎಂದರು. ಆಮೇಲೆ, "ಸಾರ್, ಇದಕ್ಕೆ ಎಫ್‌ಐಆರ್ ಆಗಲ್ಲ. ಎನ್‌ಸಿ ಬರ್ಕೊಂಡು ಎಂಡಾರ್ಸ್‌ಮೆಂಟ್ ಕೊಡ್ತೀನಿ. ತನಿಖೆ ಮಾಡಿ ಅಂದ್ರೆ ಮ್ಯಾಜಿಸ್ಟ್ರೇಟ್ ಪರ್ಮಿಷನ್ ತರ್ಬೇಕಾಗುತ್ತೆ" ಎಂದರು. ಅವರು ಹೇಳಿದ್ದು ಕಾನೂನೇ. ಈ ಕಾಯ್ದೆಯಲ್ಲಿ ಕ್ರೂರವಾಗಿ ಕೊಂದರೆ, ಕೈಕಾಲು ಕತ್ತರಿಸಿದರೆ, ಕಾಳಗದ ಅಖಾಡ ನಡೆಸಿದರೆ, ಫೂಕಾ ಮಾಡಿದರೆ ಪೊಲೀಸರು ತಾವಾಗಿಯೇ ಕೈಹಾಕಬಹುದು. ಮಿಕ್ಕ ಬಹುತೇಕ ಹಿಂಸೆಗೆ ಕೋರ್ಟಿನ ಅಪ್ಪಣೆ ಬೇಕು. ರಾಕಿ ಇನ್ನೂ ಬದುಕಿರುವುದೇ ತೊಂದರೆ. "ಮೂರು ತಿಂಗಳೊಳಗೆ ಕೇಸು ಹಾಕ್ಬೇಕು ಸಾರ್, ಆಮೇಲೆ ನಿಲ್ಲಲ್ಲ" ಎಂದು ಅವರು ಬಾಗಿಲವರೆಗೆ ಬಂದು ಎಚ್ಚರಿಸಿದರು. ಅದೂ ನಿಜ, 36ನೇ ಸೆಕ್ಷನ್. ನಮ್ಮ ನ್ಯಾಯಾಲಯಗಳ ಕ್ಯಾಲೆಂಡರ್ ಬಲ್ಲವರಿಗೆ ಮೂರು ತಿಂಗಳು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮಾರನೆಯ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಪಕ್ಕದ ಮನೆಯವರು ಸಿಕ್ಕರು. ಜಗಳವಿಲ್ಲ, ಸಿಟ್ಟಿಲ್ಲ. "ಸ್ಟೇಷನ್‌ಗೆ ಹೋಗಿದ್ರಂತಲ್ಲ ಸರ್? ನಮ್ಮ ಭಾಮೈದ ಲಾಯರು, ಫೋನ್ ಮಾಡಿ ಕೇಳ್ದೆ. ಮ್ಯಾಕ್ಸಿಮಮ್ ಫಿಫ್ಟಿ ಅಂತೆ. ತಗೊಳ್ಳಿ, ನೀವೇ ಕಟ್ಬಿಡಿ, ವಯಸ್ಸಾದ ಕಾಲಕ್ಕೆ ಯಾಕೆ ಓಡಾಡ್ತೀರ. ಹತ್ತೇ ಅಂದ್ರೆ ಮಿಕ್ಕಿದ್ರಲ್ಲಿ ರಾಕಿಗೆ ಬಿಸ್ಕೆಟ್ ಹಾಕಿ." ಹಾಲಿಗೂ ಮೊಬೈಲಿನಲ್ಲೇ ದುಡ್ಡು ಕಟ್ಟುವ ಮನುಷ್ಯ, ತಮಗಾಗಿ ಪರ್ಸು ತೆರೆದು, ಹುಡುಕಿ, ಗರಿಗರಿ ನೋಟು ಕೊಟ್ಟರು. ನನ್ನ ಅಂಗಿಯ ಜೇಬಿಗೇ ಇಟ್ಟರು.

ಇದನ್ನು ನೋಡಿಯೇ ನಾನು ಹೇಳಿದ್ದು, ತಾವಿರಬೇಕು ಎಂದು. ತಾವಿದ್ದರೆ ನೆರೆಹೊರೆಯಲ್ಲಿ ಕಹಿ ಹುಟ್ಟುವುದಿಲ್ಲ. ಅಪರಾಧ ಎಂಬ ಒರಟು ಶಬ್ದ ಬಾಡಿಗೆ ಎಂಬ ಮೃದು ಶಬ್ದವಾಗುತ್ತದೆ. ಹೆಲ್ಮೆಟ್ ಇಲ್ಲದೆ ಸಿಕ್ಕರೆ ನಮ್ಮ ರಾಜ್ಯದಲ್ಲಿ ಐನೂರು. ಟಿಕೆಟ್ಟಿಲ್ಲದೆ ರೈಲು ಹತ್ತಿದರೆ ಟಿಕೆಟ್ಟಿನ ದುಡ್ಡಿನ ಮೇಲೆ ಕನಿಷ್ಠ ಇನ್ನೂರ ಐವತ್ತು. ಆ ದಂಡಗಳನ್ನು ಕಂಡರೆ ಜನ ರಸ್ತೆ ಬದಲಿಸುತ್ತಾರೆ, ಶೌಚಾಲಯದಲ್ಲಿ ಅಡಗುತ್ತಾರೆ, ದೂರದ ನೆಂಟನಾದ ಇನ್‌ಸ್ಪೆಕ್ಟರಿಗೆ ಫೋನು ಮಾಡುತ್ತಾರೆ. ತಮ್ಮನ್ನು ಕಂಡು ಓಡಿದವರನ್ನು ನಾನು ನೋಡಿಲ್ಲ.

ದನದ ಮಾತಿಗೆ ಬಂದರೆ ತಮ್ಮ ಮಹಿಮೆ ಇನ್ನೂ ದೊಡ್ಡದು. ಪುಣ್ಯಕೋಟಿಯನ್ನು ಇಲ್ಲಿಗೆ ಕರೆಯುವುದಿಲ್ಲ, ಪ್ರತಿ ಭಾಷಣಕ್ಕೂ ನಡೆದು ನಡೆದು ಅವಳ ಗೊರಸು ಸವೆದಿದೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ ಕರ್ನಾಟಕದಲ್ಲಿ ಹಸುವನ್ನು ಕೊಂದರೆ ಮೊದಲ ತಪ್ಪಿಗೇ ಮೂರರಿಂದ ಏಳು ವರ್ಷ ಜೈಲು, ಇಲ್ಲವೇ ಐವತ್ತು ಸಾವಿರದಿಂದ ಐದು ಲಕ್ಷ ದಂಡ, ಇಲ್ಲವೇ ಎರಡೂ. ಅದೇ ಹಸುವನ್ನು ಬೆಳಿಗ್ಗೆ ಹಾಲು ಕರೆದುಕೊಂಡು ಬೀದಿಗೆ ಅಟ್ಟಿ, ಸಂಜೆ ಕರೆಯುವ ಹೊತ್ತಿಗೆ ಮನೆಗೆ ಕರೆಸಿಕೊಂಡು, ನಡುವೆ ಪ್ಲಾಸ್ಟಿಕ್ ಮೇಯಲು ಬಿಟ್ಟು, ಹೊಟ್ಟೆಯುಬ್ಬಿ ಸಾಯುವವರೆಗೆ ನೀರಿನ ಬಾನಿ ತೋರಿಸದಿದ್ದರೆ ತಾವು. ಒಂದೇ ರಾಜ್ಯ, ಒಂದೇ ಹಸು, ನಡುವೆ ಮೂರು ಸೊನ್ನೆ. ರಾಜಕೀಯ ನನಗೆ ಬೇಡ, ಲೆಕ್ಕ ಮಾತ್ರ ಹೇಳಿದೆ.

ಆದರೆ ತಮ್ಮನ್ನು ಓಡಿಸಿ ಆ ಜಾಗದಲ್ಲಿ ಸುಮ್ಮನೆ ಐವತ್ತು ಸಾವಿರವನ್ನು ಕೂರಿಸಿದರೆ ಸಾಕು ಎನ್ನುವವರನ್ನು ಒಂದು ಸಲ ನಮ್ಮೂರಿನ ಕಡೆಗೆ ಕರೆದೊಯ್ಯಬೇಕು ಅನ್ನಿಸುತ್ತದೆ. ನಮ್ಮೂರು ಮಂಡ್ಯದ ಸೀಮೆ. ಈಗ ಟ್ರ್ಯಾಕ್ಟರುಗಳೇ ಹೆಚ್ಚು, ಆದರೂ ಕಬ್ಬು ಅರೆಯುವ ಕಾಲದಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ಎತ್ತಿನ ಗಾಡಿಗಳ ಸಾಲು ಪೂರ್ತಿ ಕರಗಿಲ್ಲ. ಒಂದು ಮಧ್ಯಾಹ್ನ ಆ ಸಾಲಿನಲ್ಲಿ ಒಂದು ಹಳ್ಳಿಕಾರ್ ಎತ್ತಿನ ಹೆಗಲು ಕಂಡೆ. ನೊಗ ಕೂರುವ ಕಡೆ ಅಂಗೈಯಗಲ ಹುಣ್ಣು. ಅದರ ಮೇಲೆ ಅರಿಶಿನ, ಬೇವಿನೆಣ್ಣೆ ಕಲಸಿ ಮೆತ್ತಿದ್ದರು. ನೊಗಕ್ಕೆ ಸೈಕಲ್ ಟ್ಯೂಬ್ ಸುತ್ತಿ ಮೆತ್ತಗೆ ಮಾಡಿದ್ದರು. ಎತ್ತು ಕತ್ತನ್ನು ಒಂದು ಕಡೆಗೆ ವಾಲಿಸಿ ಭಾರವನ್ನು ಜೊತೆಗಾರನ ಕಡೆ ದೂಡಲು ನೋಡುತ್ತಿತ್ತು. ಜೊತೆಗಾರ ಎರಡು ಹೆಜ್ಜೆ ಒತ್ತಿ ನಿಂತು ಆ ಭಾರ ತೆಗೆದುಕೊಂಡಿತ್ತು. ಗಾಡಿಯವನು ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿದ್ದ.

"ಹುಣ್ಣು ವಾಸಿ ಆಗೋವರೆಗೂ ಬಿಡಬಾರದೇನಪ್ಪ?" ಎಂದೆ.

"ಬುಟ್ರೆ ಕಬ್ಬು ಕಾಯ್ತದಾ ಸ್ವಾಮಿ? ಕಡ್ದು ಎರಡು ದಿನ ಆಯ್ತು. ಒಣಗ್ದಷ್ಟೂ ತೂಕ ಹೋಯ್ತದೆ. ಗೇಟು ತೆಗೀಲಿ ಅನ್ನಿ ಅವರಿಗೆ."

1965ರ ನಿಯಮಗಳ ಪ್ರಕಾರ ಗಾಡಿಯ ಎತ್ತನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಐದು ಗಂಟೆ ಆದ ಮೇಲೆ ವಿಶ್ರಾಂತಿ ಕೊಡಬೇಕು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡುವಂತಿಲ್ಲ. ಒಳ್ಳೆಯ ನಿಯಮಗಳು, ಎತ್ತನ್ನು ಬಲ್ಲ ಯಾರೋ ಕೂತು ಬರೆದದ್ದು. ಕತ್ತೆಯ ಬೆನ್ನಿಗೆ ಐವತ್ತು ಕಿಲೋಗಿಂತ ಹೆಚ್ಚು ಹೇರಬಾರದು ಎಂದೂ ಇದೆ. ಅಲ್ಲೂ ತಮ್ಮದೇ ಅಂಕಿ. ಆದರೆ ಹಗಲೆಲ್ಲ ಸಾಲಿನಲ್ಲಿ ನಿಲ್ಲಿಸಿದ ಗೇಟಿಗೆ ದಂಡ ಯಾವ ಸೆಕ್ಷನ್ನಿನಲ್ಲಿದೆ? ಆ ಗಾಡಿಯವನಿಗೆ ತಾವೂ ಭಾರವೇ, ಎತ್ತಿನ ಹಿಂಡಿಯ ದುಡ್ಡು. ಅವನ ಮೇಲೆ ಐವತ್ತು ಸಾವಿರ ಬಿದ್ದರೆ ಮೊದಲು ಮಾರುವುದು ಅದೇ ಎತ್ತನ್ನು. ಹೆಗಲು ಹುಣ್ಣಾದ ಎತ್ತನ್ನು ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂದು ಸಂತೆಗೆ ಹೋದವರಿಗೆ ಗೊತ್ತು. ತಾರಸಿಯ ಹಸ್ಕಿಯ ಯಜಮಾನನಿಗೂ ಇವನಿಗೂ ಒಂದೇ ತಕ್ಕಡಿ ಹಿಡಿದ ತಮ್ಮ ಸಮದರ್ಶಿತ್ವ ಅದ್ಭುತ. ಒಬ್ಬನಿಗೆ ಟಿಪ್ಸು, ಇನ್ನೊಬ್ಬನಿಗೆ ಪೆಟ್ಟು.

ತಮ್ಮನ್ನು ಏಳಿಸುವ ಅವಕಾಶ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. 2014ರ ಮೇ 7ರಂದು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಈ ಕಾಯ್ದೆಯ ಶಿಕ್ಷೆಗೆ ಬಲ ತುಂಬಿ ಎಂದು ಸಂಸತ್ತಿಗೆ ಹೇಳಿತು. ಆ ತೀರ್ಪಿನ ಬಿಸಿ ನಮ್ಮ ಕರಾವಳಿಗೂ ತಟ್ಟಿ ಕಂಬಳ ನಿಂತಾಗ ಕರ್ನಾಟಕ 2017ರಲ್ಲಿ ಇದೇ 1960ರ ಕಾಯ್ದೆಯನ್ನು ಕಪಾಟಿನಿಂದ ಇಳಿಸಿ, ಧೂಳು ಒರೆಸಿ, ತಿದ್ದಿತು. 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಬಂತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು, ಆ ವರ್ಷದ ಕೊನೆಗೆ ಕೋಣಗಳು ಬೆಂಗಳೂರಿನ ಅರಮನೆ ಮೈದಾನದವರೆಗೂ ಓಡಿ ಬಂದವು. ಕಂಬಳದ ಮೇಲೆ ನನ್ನ ತಕರಾರಿಲ್ಲ. ಕೋಣವನ್ನು ಮಗನ ಹಾಗೆ ಸಾಕುವ ಮನೆಗಳನ್ನು ನೋಡಿದ್ದೇನೆ, ಬೆತ್ತದ ಬರೆ ಎದ್ದ ಬೆನ್ನನ್ನೂ ನೋಡಿದ್ದೇನೆ. ನನ್ನ ಬೆರಗು ಬೇರೆ. ಎಲ್ಲ ಪಕ್ಷಗಳೂ ಒಂದಾಗಿ ಆ ಪುಸ್ತಕ ತೆರೆದವು, 11ನೇ ಸೆಕ್ಷನ್ನಿಗೂ ವಿನಾಯಿತಿ ಹುಡುಕಿದವು. ಅದೇ ಪುಟದಲ್ಲಿ ತಾವು ಕಾಲು ಚಾಚಿ ಕೂತಿದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಮನೆಗೆ ಸುಣ್ಣ ಬಳಿಯಲು ಬಂದವರು ಜಗುಲಿಯಲ್ಲಿ ಕೂತ ಅಜ್ಜನ ಸುತ್ತ ಬಳಿದು ಹೋದ ಹಾಗೆ.

2022ರ ನವೆಂಬರಿನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಒಂದು ಕರಡು ತಿದ್ದುಪಡಿ ಹೊರಡಿಸಿ, ಡಿಸೆಂಬರ್ 7ರೊಳಗೆ ಸಲಹೆ ಕಳಿಸಿ ಎಂದು ಜನರನ್ನು ಕೇಳಿತು. ಅದರಲ್ಲಿ ಸಣ್ಣ ತಪ್ಪು ಬೇರೆ, ಘೋರ ಕ್ರೌರ್ಯ ಬೇರೆ ಎಂದು ವಿಂಗಡಣೆ ಇತ್ತು. ಘೋರದ್ದಕ್ಕೆ ಕನಿಷ್ಠ ಐವತ್ತು ಸಾವಿರ ದಂಡ, ಇಲ್ಲವೇ ಒಂದರಿಂದ ಮೂರು ವರ್ಷ ಜೈಲು. ಆ ವಿಂಗಡಣೆ ಓದಿದಾಗ ನನಗೆ ಹಳ್ಳಿಕಾರ್ ಎತ್ತು, ಹಸ್ಕಿ ಎರಡೂ ನೆನಪಾದವು, ಅಬ್ಬ ಎನ್ನಿಸಿತು. ನಾನೂ ಎರಡು ಪುಟ ಬರೆದು ಕಳಿಸಿದ್ದೆ. ತಾವು ಗಾಬರಿಯಾಗಬೇಡಿ. ಕರಡು ಕರಡಾಗಿಯೇ ಇದೆ.

ಹಾಗಾಗಿ ತಾವು ನಿಶ್ಚಿಂತೆಯಿಂದಿರಿ. ಈ ನೋಟನ್ನು ಸರ್ಕಾರಕ್ಕೆ ಕಟ್ಟೋಣವೆಂದು ವಿಚಾರಿಸಿದೆ. ಕೇಸಿಲ್ಲದೆ ದಂಡ ಕಟ್ಟಿಸಿಕೊಳ್ಳುವ ಕೌಂಟರ್ ಇಲ್ಲವಂತೆ. ಪಕ್ಕದ ಮನೆಯವರಿಗೆ ವಾಪಸು ಕೊಡಲು ಹೋದರೆ "ಇಟ್ಕೊಳ್ಳಿ ಸರ್, ಮುಂದಿನ ಸಲಕ್ಕೆ ಆಗುತ್ತೆ" ಎಂದರು. ಮುಂದಿನ ಸಲಕ್ಕೆ ಇಪ್ಪತ್ತೈದರಿಂದ ನೂರು, ಜೈಲೂ ಉಂಟು ಎಂದು ಹೇಳೋಣವೆಂದರೆ ಮೊದಲನೇ ಸಲವೇ ಇನ್ನೂ ಆಗಿಲ್ಲ.

ಮೂರು ಗಂಟೆಯಾಗುತ್ತಾ ಬಂತು. ಕಿಟಕಿಯಾಚೆ ಮೂತಿ ಟ್ಯಾಂಕಿನ ಮೂಡಲ ಮೂಲೆಗೆ ಬಂದಿದೆ. ಉದ್ದ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ದಾಟಿಸಬೇಕು, ನಿಲ್ಲಿಸುತ್ತೇನೆ.

ಇತಿ ತಮ್ಮ ವಿಧೇಯ,
ಪಕ್ಕದ ಮನೆಯವ

ತಾ.ಕ.: ಪತ್ರ ಮಡಿಸುವ ಹೊತ್ತಿಗೆ ಪಕ್ಕದ ಮನೆಯವರು ಮೇಲಿಂದ ಕೂಗಿ ತೋರಿಸಿದರು. ನನ್ನ ಮಾತಿಗೆ ಬೆಲೆ ಕೊಟ್ಟು ಸರಪಳಿ ಬದಲಾಯಿಸಿದ್ದಾರೆ. ಹೊಸದು ಅರ್ಧ ಅಡಿ ಹೆಚ್ಚು ಉದ್ದ, ಎರಡರಷ್ಟು ತೂಕ. ಹಾರ್ಡ್‌ವೇರ್ ಅಂಗಡಿಯಲ್ಲಿ ಮುನ್ನೂರ ಐವತ್ತು ಬಿತ್ತಂತೆ.